ಹಿಂದಿನ ಗಾಲಿಯ ಬ್ರೇಕು, ಬರುವ ಸೋಮವಾರದ ಪಾದಪೂಜೆ

ನಾನು ಯಾರ ತಂಟೆಗೂ ಹೋಗುವ ಮನುಷ್ಯನಲ್ಲ. ಬೆಳಗ್ಗೆ ಜಳಕ, ಲಿಂಗಪೂಜೆ, ಎರಡು ರೊಟ್ಟಿ, ಆಮೇಲೆ ಹಾನಗಲ್ಲಿನ ಪೇಟೆಯಲ್ಲಿರುವ ನನ್ನ ಬೀಜ-ಗೊಬ್ಬರದ ಅಂಗಡಿ. ಇಷ್ಟೇ ನನ್ನ ಸಂಸಾರ. ಆದರೂ ನಗೆಪಾಟಲಿನ ಪ್ರಸಂಗಗಳು ಊರಲ್ಲಿ ಇಷ್ಟು ಮನೆಗಳಿರುವಾಗ ನನ್ನ ಮನೆಯನ್ನೇ ಕೇಳಿಕೊಂಡು ಬರುತ್ತವೆ. ಅವು ನಡೆಯುವ ಹೊತ್ತಿಗೆ ನನಗೆ ಒಮ್ಮೆಯೂ ನಗು ಬಂದಿಲ್ಲ. ನಗುವುದೇನಿದ್ದರೂ ಓಣಿಯವರ ಪಾಲು.

ಈ ಕಾರು ಮನೆಗೆ ಬಂದ ಮೇಲಂತೂ ಅದಕ್ಕೆ ಲೆಕ್ಕವಿಲ್ಲ. ಕಾರು ಹುಬ್ಬಳ್ಳಿಯ ಬೀಗರೊಬ್ಬರು ಕೆಲವು ವರ್ಷ ಓಡಿಸಿ, ಆಮೇಲೆ ನನಗೆ ಕೊಟ್ಟದ್ದು. ಅದರಲ್ಲಿ ಕೈಯಿಂದ ಎಳೆಯುವ ಹ್ಯಾಂಡ್ ಬ್ರೇಕಿನ ದಂಡವಿಲ್ಲ. ಅದರ ಜಾಗದಲ್ಲಿ ಒಂದು ಬಟನ್. ಒತ್ತಿದರೆ ಹಿಂದಿನ ಎರಡು ಗಾಲಿಗಳಲ್ಲಿ ಕೂತ ಸಣ್ಣ ಮೋಟಾರುಗಳು ‘ಝೂಂ’ ಎಂದು ತಿರುಗಿ ಬ್ರೇಕು ಬಿಗಿಯುತ್ತವೆ. ಹೊರಡುವಾಗ ಗೇರು ಹಾಕಿ ಎಕ್ಸಿಲರೇಟರ್ ಒತ್ತಿದರೆ ತಾವಾಗಿಯೇ ಬಿಡುತ್ತವೆ. ಕೇಳಲಿಕ್ಕೆ ಚೆನ್ನಾಗಿದೆ.

ಹಿರೇಕೆರೂರಿನ ಕಡೆಯ ಒಂದು ಮಠದ ಸ್ವಾಮಿಗಳಾದ ಅಜ್ಜನವರನ್ನು ಮನೆಗೆ ಕರೆಸಿ ಪಾದಪೂಜೆ ಮಾಡಬೇಕೆಂಬುದು ನನ್ನ ಹೆಂಡತಿಯ ಬಹಳ ವರ್ಷಗಳ ಹರಕೆ. ಅಂತೂ ಒಂದು ಸೋಮವಾರ ಗೊತ್ತಾಯಿತು. ಮಠದಿಂದ ಒಂದೇ ಮಾತು ಬಂತು: “ಗಾಡಿ ತಂದು ಕರಕೊಂಡು ಹೋಗೂದು, ಸಂಜೀ ಪೂಜಾಕ್ಕ ಹೊಳ್ಳಿ ಮುಟ್ಟಸೂದು ನಿಮ್ಮ ಜವಾಬ್ದಾರಿ. ಗಾಡಿ ಬರಲಿಲ್ಲಂದ್ರ ಪಾಳಿ ಮುಂದಿನವರಿಗೆ ಹೋಕ್ಕೈತಿ.” ನಾನು ಕೈಮುಗಿದು ಒಪ್ಪಿ ಬಂದೆ. ಮಠದಿಂದ ಬರುವ ದಾರಿಯಲ್ಲೇ ಕಾರಿನ ಹಿಂದಿನ ಗಾಲಿ ಕಿರ್ರ್ ಎಂದು ಕಿರುಗುಟ್ಟಲು ಹತ್ತಿತು. ಸೋಮವಾರಕ್ಕೆ ಎಂಟೇ ದಿನ ಇದ್ದವು.

ಕೀಲೆಣ್ಣಿ

ಪಾದಪೂಜೆಗೆಂದು ನಮ್ಮ ಮಾವನವರು ಹಿರೇಬೆಂಡಿಗೇರಿಯಿಂದ ವಾರ ಮುಂಚೆಯೇ ಬಂದು ಕೂತಿದ್ದರು. ಅರವತ್ತು ವರ್ಷ ಎತ್ತು ಕಟ್ಟಿ ಚಕ್ಕಡಿ ಹೂಡಿದ ಜೀವ. ಗಾಲಿ ಎಂದರೆ ತಮಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ಭರವಸೆ ಅವರದು.

“ಅಳಿಯಾರ, ಗಾಲಿ ಯಾಕ ಹಂಗ ಅಳಾಕತ್ತೈತಿ?”

“ಬ್ರೇಕ್ ಪ್ಯಾಡ್ ಸವದಾವ್ರಿ ಮಾವಾರ. ಹೊಸಾವು ಹಾಕಸಬೇಕು.”

“ಸಪ್ಪಳ ಆದ್ರ ಹೊಸಾವು ಯಾಕ?” ಎಂದು ಸುಮ್ಮನಾದರು. ಅವರು ಸುಮ್ಮನಾದಾಗ ನಾನು ಹುಷಾರಾಗಬೇಕಿತ್ತು.

ಮರುದಿನ ಕಾರು ತೆಗೆದರೆ ಸಪ್ಪಳವೇ ಇಲ್ಲ. ದೇವರು ಕಣ್ಣು ತೆರೆದ ಎಂದುಕೊಂಡೆ. ಮಾವನವರನ್ನು ಹಿಂದೆ ಕೂಡಿಸಿಕೊಂಡು ಪೂಜೆಯ ಹೂವು-ಪತ್ರಿ ಹೇಳಿ ಬರಲು ಹೊರಟೆ. ಕೆರೆ ಏರಿಯ ಇಳುಕಲಿನಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿ, ಬಟನ್ ಒತ್ತಿ, ಇಳಿದು ಹೂವಿನವಳ ಹತ್ತಿರ ಮಾತಿಗೆ ನಿಂತೆ. ಆಕೆ ನನ್ನ ಹೆಗಲ ಮೇಲಿಂದ ನೋಡಿ, “ಅಣ್ಣಾರ, ನಿಮ್ಮ ಗಾಡಿ ಹೊಂಟೈತ್ರಿ” ಅಂದಳು.

ತಿರುಗಿದೆ. ಗುಡಿಯೊಳಗಿಂದ ದೇವರಿಗೆ ಬೆನ್ನು ತೋರಿಸದೆ ಹಿಂದಿಂದಕ್ಕೆ ಹೆಜ್ಜೆ ಇಡುವ ಭಕ್ತನ ಹಾಗೆ ಕಾರು ಹಿಂದಕ್ಕೆ ಸರಿಯುತ್ತಿತ್ತು. ಒಳಗೆ ಮಾವನವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಧೋತರ ಎತ್ತಿ ಓಡಿದೆ. ನಾನು ಮುಟ್ಟುವುದರೊಳಗೆ ಕಾರು ಹೋಗಿ ಒಂದು ಹುಲ್ಲಿನ ಬಣವೆಯಲ್ಲಿ ಕೂತಿತು.

“ಮಾವಾರ, ಒಂದ್ ಕೂಗು ಹಾಕಬಾರದೇನ್ರಿ?”

“ನೀವ ಹಿಂದಕ್ಕ ತಗೊಳ್ಳಾಕತ್ತೀರಿ ಅಂತ ಮಾಡಿದ್ದೆ.”

“ನಾ ಹೊರಗ ನಿಂತಿದ್ದೆನಲ್ರಿ!”

“ಬಟನ್ ಗಾಡಿ. ಹೊರಗ ನಿಂತೂ ನಡಸ್ತಿರಬೇಕು ಅಂದ್ಕೊಂಡೆ.”

ಬಗ್ಗಿ ಗಾಲಿಯೊಳಗೆ ನೋಡಿದೆ. ಬ್ರೇಕಿನ ಬಿಲ್ಲೆ ಕರ್ರಗೆ ಮಿರಮಿರ ಮಿಂಚುತ್ತಿತ್ತು. ಔಡಲೆಣ್ಣೆಯಲ್ಲಿ ಕಲಿಸಿ ಚಕ್ಕಡಿಯ ಅಚ್ಚಿಗೆ ಹಚ್ಚುವ ಕೀಲೆಣ್ಣಿ! ಬೆಳಗಿನ ಜಾವ ನಾನು ಪೂಜೆಗೆ ಕೂತಾಗ ಮಾವನವರು ಕಡ್ಡಿಗೆ ಬಟ್ಟೆ ಸುತ್ತಿಕೊಂಡು, ಸಂದಿಯೊಳಗೆ ತೂರಿಸಿ, ಎರಡೂ ಹಿಂದಿನ ಗಾಲಿಗೆ ಮನಸಾರೆ ಬಳಿದಿದ್ದರು.

“ನಾಕೂ ಗಾಲಿಗೆ ಹಚ್ಚಬೇಕಂತಿದ್ದೆ, ಡಬ್ಬ್ಯಾಗ ಎರಡಕ್ಕ ಆತು” ಎಂದು ಪಾಪ, ಕೊರಗಿದರು. ಮುಂದಿನ ಎರಡು ಉಳಿದದ್ದರಿಂದ ನಾವು ಉಳಿದಿದ್ದೆವು. ನಾನು ಬಣವೆಯ ಹುಲ್ಲು ಕಿತ್ತು ತೆಗೆಯುತ್ತ ನಿಂತಿದ್ದರೆ ಅವರು ಕಿಟಕಿಯಿಂದ ತಲೆ ಹಾಕಿ ಕೇಳಿದರು: “ಅದೆಲ್ಲಾ ಇರ್ಲಿ ಅಳಿಯಾರ, ಸಪ್ಪಳ ಹೋತೋ ಇಲ್ಲೋ, ಅಷ್ಟ ಹೇಳ್ರಿ.”

ಬಿಚ್ಚಿ ಮುಚ್ಚಿದ್ದು

ನಮ್ಮೂರ ಗ್ಯಾರೇಜಿನವನು ಒಳ್ಳೆಯ ಕೆಲಸಗಾರ. ಟ್ರ್ಯಾಕ್ಟರಿನ ಇಂಜಿನ್ನನ್ನು ಕಣ್ಣು ಮುಚ್ಚಿ ಬಿಚ್ಚುತ್ತಾನೆ. ಹಿಂದಿನ ಗಾಲಿ ತೆಗೆದ. ಮೊದಲು ಪೆಟ್ರೋಲು ಹಾಕಿ ಕೀಲೆಣ್ಣಿ ತೊಳೆದ. ಆಮೇಲೆ ಹತ್ತು ನಿಮಿಷ ಒಳಗೆ ಕೈಯಾಡಿಸಿ ಕೇಳಿದ:

“ಸಾವಕಾರ್ರ, ಹ್ಯಾಂಡ್ ಬ್ರೇಕಿನ ವಾಯರ್ ಎಲ್ಲೈತ್ರಿ?”

“ವಾಯರ್ ಇಲ್ಲೋ ತಮ್ಮಾ. ಮೋಟಾರ್ ಐತಂತ.”

“ಗಾಲ್ಯಾಗ ಮೋಟಾರಾ?” ಎಂದು ಕೈ ಹಿಂದಕ್ಕೆ ತೆಗೆದುಕೊಂಡ, ಹಾವು ಇದೆ ಅಂದ ಹಾಗೆ. “ಹಂಗಾರ ನಾ ಮುಟ್ಟೂದಿಲ್ರಿ. ಸಾದಾ ಗಾಡಿ ಆದ್ರ ಪ್ಯಾಡ್ ದೂಡೂ ಪಿಸ್ಟನ್ನ ಕ್ಲಾಂಪ್ ಹಾಕಿ ಒಳಗ ಒತ್ತಿ ಹೊಸಾ ಪ್ಯಾಡ್ ಕೂಡಸ್ತಿದ್ದೆ. ಇದನ್ನ ಹಂಗ ಒತ್ತಿದ್ರ ಒಳಗಿನ ಹಲ್ಲು ಮುರಿತಾವ.”

“ನಿನಗ ಹ್ಯಾಂಗ ಗೊತ್ತು?”

“ಒಮ್ಮೆ ಒತ್ತೇನ್ರಿ.”

ಗಾಲಿ ಹೊಳ್ಳಿ ಹಾಕಿಕೊಟ್ಟು, ಸವಣೂರಿನಲ್ಲಿ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ, ಅವರ ಹತ್ತಿರ ಕಾರಿಗೆ ಜೋಡಿಸುವ ಸ್ಕ್ಯಾನರ್ ಎಂಬ ಸಣ್ಣ ಕಂಪ್ಯೂಟರ್ ಇದೆ, ಅದರಿಂದ ಹೇಳಿದರೆ ಮೋಟಾರು ತಾನೇ ಪಿಸ್ಟನ್ನನ್ನು ಒಳಗೆ ಎಳಕೊಳ್ಳುತ್ತದೆ ಎಂದು ವಿವರಿಸಿದ. ನಾನು, ಒಮ್ಮೆ ಒತ್ತಿದ ಆ ಗಾಡಿ ಯಾರದೆಂದು ಕೇಳಿದೆ.

“ನಮ್ಮ ಬೀಗರದ್ರಿ” ಅಂದ. “ಅವತ್ತಿನಿಂದ ಹಬ್ಬಕ್ಕ ಕರ್ಯಾಕ ಬಂದಿಲ್ಲ.”

ತಡಸದ ಡಬ್ಬಿ

ಪ್ಯಾಡುಗಳಿಗಾಗಿ ಶಿಗ್ಗಾಂವಿಗೆ ಹೋದೆ. ಅಂಗಡಿಯವನು ಮುಂದಿನ ಗಾಲಿಯವು ಎಷ್ಟು ಬೇಕಾದರೂ ಇವೆ ಅಂದ. ಹಿಂದಿನವು ಇಲ್ಲ.

“ಯಾಕ್ರಿ ಇಲ್ಲ?”

“ಯಾರೂ ಕೇಳೂದಿಲ್ರಿ. ನಮ್ಮ ಕಡೆ ಗಾಡಿ ನಿಲ್ಲಿಸಿದ್ರ ಹಿಂದಿನ ಗಾಲಿಗೆ ಒಂದ್ ಕಲ್ಲ ಇಡ್ತಾರ. ಕಲ್ಲ ಸವೆಯೂದಿಲ್ಲ, ನನ್ನ ಮಾಲ ಖರ್ಚ ಆಗೂದಿಲ್ಲ.”

ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಡಬ್ಬಿ ತರಿಸುತ್ತೇನೆ ಅಂದ. ಬುಧವಾರ ಅಂದದ್ದು ಗುರುವಾರವಾಯಿತು. ಗುರುವಾರ ಸಂಜೆ ಫೋನು ಮಾಡಿ, ಆ ಬಸ್ಸು ತಡಸದಲ್ಲೇ ಕೆಟ್ಟು ನಿಂತಿತು, ಕಂಡಕ್ಟರು ಡಬ್ಬಿಯನ್ನು ಅಲ್ಲಿನ ಚಹಾದ ಅಂಗಡಿಯಲ್ಲಿ ಕೊಟ್ಟಿದ್ದಾನೆ, ನೀವೇ ಹೋಗಿ ತಗೊಳ್ರಿ ಅಂದ. ಶುಕ್ರವಾರ ಬೆಳಗ್ಗೆ ಎದ್ದು, ಕಾರಿನ ಮುಂದಿನ ಬ್ರೇಕುಗಳನ್ನು ನೆನೆಯುತ್ತ, ಚಕ್ಕಡಿಯ ಓಟದಲ್ಲಿ ತಡಸ ಮುಟ್ಟಿದೆ.

ಚಹಾದ ಅಂಗಡಿಯವನಿಗೆ ಡಬ್ಬಿ ನೆನಪಿತ್ತು. “ಸಣ್ಣ ಡಬ್ಬಿ, ಭಾರ ಭಾಳ. ಹೌದಲ್ರಿ?” ಬೆಂಚಿನ ಕೆಳಗೆ ನೋಡಿದ. ಸಕ್ಕರೆ ಚೀಲದ ಹಿಂದೆ ನೋಡಿದ. ಗಲ್ಲಾಪೆಟ್ಟಿಗೆಯ ಕೆಳಗೆ ನೋಡಿದ. ನಾನೂ ಬಗ್ಗಿ ಹುಡುಕಿದೆ. ಇನ್ನು ಮೂರೇ ದಿನ. ಇದು ಹೋದರೆ ಇನ್ನೊಂದು ತರಿಸಲು ವಾರ.

ಅಷ್ಟರಲ್ಲಿ ಅಂಗಡಿಯ ಪಕ್ಕದ ಇಳುಕಲಿನಲ್ಲಿ ನಿಂತಿದ್ದ ಸೌತೆಕಾಯಿಯ ಟೆಂಪೋ ಕಡೆ ನನ್ನ ಕಣ್ಣು ಹೋಯಿತು. ಅದರ ಹಿಂದಿನ ಗಾಲಿಯ ಕೆಳಗೆ, ಅರ್ಧ ಚಪ್ಪಟೆಯಾಗಿ, ನನ್ನ ಡಬ್ಬಿ.

“ಏ ಯಪ್ಪಾ, ಅದು ನನ್ನ ಡಬ್ಬಿ ಐತಲೋ!” ಎಂದು ಕೂಗಿದೆ.

ಟೆಂಪೋದವನು ಚಹಾದ ಕಪ್ಪು-ಬಸಿ ಕೆಳಗಿಟ್ಟು ಬಹಳ ಮರ್ಯಾದೆಯಿಂದ ಹೇಳಿದ: “ತಪ್ಪ ತಿಳೀಬ್ಯಾಡ್ರಿ ಯಜಮಾನ್ರ, ಕಲ್ಲ ಸಿಗಲಿಲ್ಲ. ಏನ್ ಮಾಲ್ರಿ ಇದು? ನಿನ್ನಿಯಿಂದ ಗಾಡಿ ಒಂದ್ ಬೆರಳ ಸರದಿಲ್ಲ.”

ತೆಗೆದು ನೋಡಿದೆ. ರಟ್ಟು ಚಪ್ಪಟೆಯಾಗಿತ್ತು, ಪ್ಯಾಡುಗಳಿಗೆ ಏನೂ ಆಗಿರಲಿಲ್ಲ. ಅವು ಕಾರಿಗೆ ಹತ್ತುವ ಮೊದಲೇ ಕೆಲಸಕ್ಕೆ ಹಾಜರಾಗಿದ್ದವು.

ಸವಣೂರಿನ ಮೂರು ಮಾತು

ಶನಿವಾರ ಸವಣೂರು. ಮಿಸ್ತ್ರಿ ಬಿಳಿ ಗಡ್ಡದ ಶಾಂತ ಮನುಷ್ಯ. ಎಲ್ಲರೂ ಚಾಚಾ ಅನ್ನುತ್ತಿದ್ದರು, ನಾನೂ ಅಂದೆ. ಗಾಲಿಯ ಹತ್ತಿರ ಮೂಗು ಒಯ್ದು, “ಯಾ ಅಲ್ಲಾ, ಬ್ರೇಕಿಗೆ ಔಡಲೆಣ್ಣಿ ಯಾರ್ ಹಾಕಿದ್ರಿ?” ಅಂದರು. ನನ್ನ ಜೊತೆ ಬಂದಿದ್ದ ಮಾವನವರು ಆಕಾಶ ನೋಡಿದರು.

ಚಾಚಾ ಕಾರನ್ನು ಹಿಂದಿನಿಂದ ಎತ್ತಿ, ಗಾಲಿ ತೆಗೆದು, ಸ್ಕ್ಯಾನರ್ ಜೋಡಿಸಿದರು. ಎರಡೂ ಕಡೆ ‘ಝೂಂ’ ಎಂದು ಪಿಸ್ಟನ್ನು ಒಳಗೆ ಸರಿದು ಕೂತಿತು. ಹಳೆಯ ಪ್ಯಾಡು ಕಳಚಿ ಪಕ್ಕಕ್ಕಿಟ್ಟರು. ಆಮೇಲೆ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಮೂರು ಬೆರಳು ಎತ್ತಿದರು.

“ಸಾವಕಾರ್ರ, ಮೂರ ಮಾತು. ಒಳಗ ಕೂಡಬ್ಯಾಡ್ರಿ. ಚಾವಿ ಮುಟ್ಟಬ್ಯಾಡ್ರಿ. ಬಟನ್ ಅಂತೂ ಒತ್ತಲೇಬ್ಯಾಡ್ರಿ. ಒತ್ತಿದ್ರ ಪಿಸ್ಟನ್ ಹೊರಗ ಬರತೈತಿ, ಅಲ್ಲಿ ತಡ್ಯಾಕ ಪ್ಯಾಡ್ ಇಲ್ಲ. ಪೂರಾ ಹೊರಗ ಬಿದ್ರ ನಿಮ್ಮ ಸೋಮವಾರ ಹೋತು.”

“ಇಲ್ರಿ ಚಾಚಾ, ನಾ ಯಾಕ ಮುಟ್ಟಲಿ” ಅಂದೆ. ಮನಸಾರೆ ಅಂದೆ.

ಅವರು ಕಾರಿನ ಕೆಳಗೆ ಹೋದರು. ನನಗೆ ನೀರಡಿಕೆಯಾಯಿತು. ನೀರಿನ ಬಾಟಲಿ ಡ್ರೈವರ್ ಸೀಟಿನ ಪಕ್ಕದಲ್ಲಿತ್ತು. ಬಾಗಿಲು ತೆಗೆದು, ಬಾಟಲಿಗೆಂದು ಒಂದು ತೊಡೆ ಸೀಟಿಗೆ ಊರಿದೆ. ಊರಿದ ಮೇಲೆ ಎದುರಿಗೆ ಡ್ಯಾಶ್‌ಬೋರ್ಡಿನ ಬಸವಣ್ಣ ಕಂಡ. ಈ ಕಾರು ಬಂದ ದಿನದಿಂದ ನನ್ನದೊಂದು ಪದ್ಧತಿ: ಇಳಿಯುವ ಮೊದಲು ಬಸವಣ್ಣನಿಗೆ ಕೈಮುಗಿಯುವುದು, ಸ್ಟೇರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು, ಬಟನ್ ಒತ್ತುವುದು. ಮೂರೂ ಒಂದೇ ಉಸಿರಿನಲ್ಲಿ. ಕೈ ಮುಗಿದೆ. ಸ್ಟೇರಿಂಗ್ ಮುಟ್ಟಿದೆ.

ಝೂಂ.

ಕೆಳಗಿನಿಂದ ಚಾಚಾ ಕೂಗಿದ ಕೂಗಿಗೆ ಎದುರಿನ ಅಂಗಡಿಯ ಪಾರಿವಾಳಗಳು ಹಾರಿದವು. ಸ್ಕ್ಯಾನರ್ ಹಿಡಿದು ಓಡಿ ಬಂದು ನಿಲ್ಲಿಸಿದರು. ಇನ್ನೊಂದು ಕೂದಲೆಳೆ ಬಂದಿದ್ದರೆ ಪಿಸ್ಟನ್ನೂ, ಬ್ರೇಕಿನ ಎಣ್ಣೆಯೂ ನೆಲದ ಪಾಲಾಗುತ್ತಿದ್ದವು. ಮತ್ತೆ ಒಳಗೆ ಕಳಿಸಲು ಒಂದು ತಾಸು ಹಿಡಿಯಿತು. ಆ ಒಂದು ತಾಸು ನಾನು ರಸ್ತೆಯ ಆಚೆ, ಬೇವಿನ ಗಿಡದ ಕೆಳಗೆ, ಚಾಚಾ ತೋರಿಸಿದ ಕಲ್ಲಿನ ಮೇಲೆ ಕೂತಿದ್ದೆ.

ಹೊಸ ಪ್ಯಾಡು ಕೂತ ಮೇಲೆ ಚಾಚಾ ಕರೆದರು. “ಬರ್ರಿ, ಒಳಗ ಕುಂದರ್ರಿ. ಹಿಡಿತೈತೋ ಇಲ್ಲೋ ನೋಡೋಣು. ಈಗ ಒತ್ರಿ ಬಟನ್.”

ನನ್ನ ಕೈ ಏಳಲಿಲ್ಲ. “ನಾ ಒಲ್ಲೆ ಚಾಚಾ.”

“ಈಗ ಒತ್ತಬೇಕ್ರಿ!”

“ಬ್ಯಾಡ್ರಿ. ನೀವ ಒತ್ರಿ.”

ಚಾಚಾ ಮಾವನವರ ಕಡೆ ತಿರುಗಿದರು. “ಒತ್ತಬ್ಯಾಡ ಅಂದ್ರ ಒತ್ತತಾರ, ಒತ್ತು ಅಂದ್ರ ಒಲ್ಲೆ ಅಂತಾರ. ಇವರನ್ನ ಮನ್ಯಾಗ ಹ್ಯಾಂಗ ನಡಸ್ತೀರಿ?”

ಮಾವನವರು ಎಲೆ ಅಡಿಕೆಯ ಚಂಚಿ ಮಡಚುತ್ತ ಹೇಳಿದರು: “ನಮ್ಮ ಮಗಳು ಸ್ಕ್ಯಾನರ್ ಇಲ್ದನ ನಡಸ್ತಾಳ.”

ಎರಡೂ ಕಡೆ

ನಡುವೆ ಒಂದು ಮಾತು ಬಿಟ್ಟೆ. ನಾನು ಬೇವಿನ ಗಿಡದ ಕೆಳಗೆ ಕೂತಿದ್ದಾಗ ಮಾವನವರು ಹೊಸ ಪ್ಯಾಡುಗಳನ್ನು ಒಂದು ಪೇಪರಿನ ಮೇಲೆ ಸಾಲಾಗಿ ಇಟ್ಟುಕೊಂಡು, ನೀರಿನಲ್ಲಿ ವಿಭೂತಿ ಕಲಿಸಿ, ನಾಲ್ಕಕ್ಕೂ ಮೂರು ಮೂರು ಪಟ್ಟೆ ಎಳೆದು, ನಡುವೆ ಕುಂಕುಮ ಇಟ್ಟಿದ್ದರು. ಮನೆಗೆ ಹೊಸದು ಬಂದರೆ ಪೂಜೆ ಮಾಡದೆ ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಚಾಚಾ ಬಂದು ನೋಡಿ ಹಣೆ ಹಣೆ ಬಡಿದುಕೊಂಡರು.

“ಯಜಮಾನ್ರ, ಈ ಕರೀ ಮಾರಿ ಐತಲ್ರಿ, ಬ್ರೇಕ್ ಹಿಡಿಯೂ ಕಡೆ, ಅದರ ಮ್ಯಾಲೆ ಏನೂ ಹತ್ತಬಾರದು. ಮದ್ಲ ಔಡಲೆಣ್ಣಿ, ಈಗ ವಿಭೂತಿ!”

“ದೇವರ ವಿಭೂತಿ ಹತ್ತಿದ್ರ ಗಾಡಿ ಕೆಡತೈತೇನು?” ಮಾವನವರ ದನಿ ಏರಿತು. “ಆ ಗಾಡ್ಯಾಗ ನಮ್ಮ ಅಜ್ಜಾರು ಕೂಡಾವ್ರು.”

ಎರಡು ಹಿರಿಯ ತಲೆಗಳು ಎದುರುಬದುರಾದವು. ನಾನು ಕಲ್ಲಿನಿಂದ ಅರ್ಧ ಎದ್ದೆ. ಚಾಚಾ ಒಂದು ಗಳಿಗೆ ಗಡ್ಡ ನೀವಿಕೊಂಡು, ಒಂದು ಪ್ಯಾಡನ್ನು ಒರೆಸಿ, ಮಗುಚಿ, ಹಿಂದಿನ ಕಬ್ಬಿಣದ ತಗಡು ತೋರಿಸಿದರು.

“ಇಲ್ಲಿ ಹಚ್ರಿ, ಆದ್ರ ತೆಳ್ಳಗ. ದೇವರಿಗೆ ಎರಡೂ ಕಡೆ ಕಾಣತೈತಿ.”

ಮಾವನವರು ಹಚ್ಚಿದರು. ಚಾಚಾ ಬಿಸ್ಮಿಲ್ಲಾ ಅಂದು ಮೊದಲ ಬೋಲ್ಟು ತಿರುಗಿಸಿದರು. ಹೊರಡುವಾಗ ಮಾವನವರೇ ಅವರ ಕೈ ಹಿಡಿದು ಸೋಮವಾರ ಊಟಕ್ಕೆ ಬರಲೇಬೇಕೆಂದು ಹೇಳಿದರು. ನನ್ನನ್ನು ಮಾತ್ರ ಇಬ್ಬರೂ ಕೂಡಿಯೇ ಬೈದರು.

ಎದೆಯ ಪಟ್ಟಿ

ಸೋಮವಾರ ರಾಹುಕಾಲ ಕಳೆದು ಒಂಬತ್ತಕ್ಕೆ ಮಠ ಬಿಡುವುದೆಂದು ಮಾತಾಗಿತ್ತು. ನಾನು ಮಡಿಯುಟ್ಟು, ಬರಿಮೈಗೆ ಶಲ್ಯ ಹೊದ್ದು ಹೋಗಿದ್ದೆ. ಮಠದ ಅಂಗಳಕ್ಕೆ ಗಾಡಿ ತಂದು ನಿಲ್ಲಿಸಿದೆ. ಅಜ್ಜನವರು ಹಿಂದೆ ಕೂತರು. ಭಕ್ತರು ಸುತ್ತ ಕೈಮುಗಿದು ನಿಂತರು. ನಾನು ಗೇರು ಹಾಕಿ ಎಕ್ಸಿಲರೇಟರ್ ಒತ್ತಿದೆ. ಇಂಜಿನ್ನು ಒದರಿತು. ಕಾರು ಅಲುಗಲಿಲ್ಲ. ಬ್ರೇಕು ಬಿಡಲೇ ಇಲ್ಲ. ‘ಟಿಣ್ ಟಿಣ್ ಟಿಣ್’ ಎಂದು ಎಲ್ಲೋ ಗಂಟೆ ಬೇರೆ.

ಇನ್ನೊಮ್ಮೆ ಒತ್ತಿದೆ. ಇಲ್ಲ. ಶಲ್ಯದ ಮರೆಯಲ್ಲಿ ಚಾಚಾಗೆ ಫೋನು ಮಾಡಿ, ಹಲ್ಲು ಕಚ್ಚಿ ಪಿಸುಗುಟ್ಟಿದೆ: “ಚಾಚಾ, ಬ್ರೇಕ್ ಬಿಡವಲ್ದು! ಅಜ್ಜಾರು ಕುಂತಾರ!”

“ಸೀಟಿನ ಬೆಲ್ಟ್ ಹಾಕೀರೇನ್ರಿ?”

“ಇಲ್ಲ.”

“ಹಾಕ್ರಿ. ಬೆಲ್ಟ್ ಹಾಕದ ಅದು ತಾನಾಗಿ ಬಿಡೂದಿಲ್ಲ.”

ನಾನು ಬೇಕೆಂದೇ ಹಾಕಿರಲಿಲ್ಲ. ಎದೆಯ ಮೇಲೆ ಲಿಂಗ ಇದೆ. ದಿನಾ ಅಂಗಿಯ ಒಳಗಿರುತ್ತದೆ, ನಡೆಯುತ್ತದೆ. ಇವತ್ತು ಬರಿಮೈ, ಮಡಿ. ಬರುವಾಗ ಶಲ್ಯ ಅಡ್ಡ ಇಟ್ಟು ಹೇಗೋ ಹಾಕಿಕೊಂಡಿದ್ದೆ. ಹಿಂದೆ ಗುರುಗಳು ಕೂತಿರುವಾಗ ಲಿಂಗದ ಮೇಲೆ ಗಾಡಿಯ ಪಟ್ಟಿ ಬಿಗಿಯುವುದೇ? ಇದನ್ನೆಲ್ಲ ಪಿಸುಮಾತಿನಲ್ಲಿ ಚಾಚಾಗೆ ಹೇಳುತ್ತಿದ್ದೆ.

ಹಿಂದಿನಿಂದ ಅಜ್ಜನವರ ದನಿ ಬಂತು. “ತಮ್ಮಾ, ಲಿಂಗ ನನ್ನ ಎದೀಮ್ಯಾಲೂ ಐತಿ. ನಾ ಕುಂತ ಕೂಡ್ಲೆ ಹಾಕ್ಕೊಂಡೇನಿ. ಗಾಡಿ ನಡಸಾಂವ ನೀ ಅಂತ ನೋಡೇ ಹಾಕ್ಕೊಂಡೇನಿ.”

ಕದಲದ ಗಾಡಿ

ಪಾದಪೂಜೆ ಚೆನ್ನಾಗಿ ಆಯಿತು. ನನ್ನ ಹೆಂಡತಿಯ ಕಣ್ಣಲ್ಲಿ ನೀರು ಬಂತು. ಆಮೇಲೆ ಪಂಕ್ತಿ. ಅಜ್ಜನವರದು ಮಿತವಾದ ಆಹಾರ. ಎರಡು ಹೋಳಿಗೆಗೆ ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರು. ನನ್ನ ಹೆಂಡತಿ ಕೈಯ ಸಂದಿಯಿಂದ ಮೂರನೆಯದು ಜಾರಿಸಿದಳು. “ನನ್ನ ಹರಕಿ ಅಜ್ಜಾರ” ಎಂದು ನಾಲ್ಕನೆಯದು. ಮಾವನವರ ಹೆಸರಿನಲ್ಲಿ ಐದನೆಯದು.

ಮೂರೂವರೆಗೆ ಹೊರಟರೆ ಸಂಜೆಯ ಪೂಜೆಗೆ ಮಠ ಮುಟ್ಟಿಸಬಹುದು. ಅಜ್ಜನವರು ಕಾರಿನಲ್ಲಿ ಕೂತರು. ನಾನು ಪಟ್ಟಿ ಬಿಗಿದೆ. ಚಾವಿ ತಿರುಗಿಸಿದೆ.

‘ಟಿಕ್’ ಎಂದಿತು. ಅಷ್ಟೇ.

ಇಳಿದು ವಿಚಾರಿಸಿದೆ. ನಾವೆಲ್ಲ ಒಳಗೆ ಪೂಜೆಯಲ್ಲಿದ್ದಾಗ, ಓಣಿಗೆಲ್ಲ ಕೇಳಲಿ ಎಂದು ಮಾವನವರು ಕಾರಿನ ನಾಲ್ಕೂ ಬಾಗಿಲು ತೆಗೆದು ವಚನದ ಹಾಡುಗಳನ್ನು ಜೋರಾಗಿ ಹಚ್ಚಿದ್ದರಂತೆ. ಅಜ್ಜಾರ ಗಾಡಿ ಕಳೆಗುಂದಬಾರದೆಂದು ಹಗಲಲ್ಲೇ ದೊಡ್ಡ ಲೈಟೂ ಹಚ್ಚಿಸಿದ್ದರಂತೆ. ಮೂರು ತಾಸು.

ಊಟಕ್ಕೆ ಬಂದಿದ್ದ ಸವಣೂರಿನ ಚಾಚಾ ನನ್ನ ಕಿವಿಯಲ್ಲಿ, “ಬ್ಯಾಟರಿ ಇಳದೈತಿ” ಅಂದರು. ಆದರೆ ಅವರು ಬಾಯಿ ಮುಚ್ಚುವುದರೊಳಗೆ ಓಣಿಯ ಗಂಡಸರೆಲ್ಲ ಕಾರಿನ ಬೆನ್ನಿಗೆ ಕೈ ಹಚ್ಚಿಯಾಗಿತ್ತು. ನಮ್ಮ ಕಡೆ ಗಾಡಿ ಚಾಲೂ ಆಗಲಿಲ್ಲವೆಂದರೆ ಯಾರೂ ಯಾಕೆಂದು ಕೇಳುವುದಿಲ್ಲ, ದೂಡುತ್ತಾರೆ.

“ಏ, ದೂಡಬ್ಯಾಡ್ರಿ! ಕರೆಂಟ್ ಇಲ್ದ ಅದರ ಬ್ರೇಕ್ ಬಿಡೂದಿಲ್ಲ!” ಎಂದು ಕೂಗಿದೆ. ‘ಹರ ಹರ ಮಹಾದೇವ’ದಲ್ಲಿ ನನ್ನ ದನಿ ಯಾರಿಗೆ ಕೇಳಬೇಕು?

ಇಪ್ಪತ್ತು ಮಂದಿ ದೂಡಿದರು. ಕಾರು ಕದಲಲಿಲ್ಲ. ಮೂವತ್ತು ಮಂದಿ ದೂಡಿದರು. ಕಾರಿನ ಬೆನ್ನು ಎದ್ದೆದ್ದು ಕೂತಿತು, ಗಾಲಿ ಒಂದು ಬೆರಳು ಸರಿಯಲಿಲ್ಲ. ಜನ ಏದುಸಿರು ಬಿಡುತ್ತ ಒಬ್ಬರನ್ನೊಬ್ಬರು ನೋಡಿಕೊಂಡರು. ಆಗ ಮಾವನವರು ಎರಡೂ ಕೈ ಮೇಲೆತ್ತಿದರು.

“ತಿಳೀತೇನ್ರಪಾ? ಅಜ್ಜಾರಿಗೆ ನಮ್ಮ ಓಣಿ ಬಿಡಾಕ ಮನಸ್ಸಿಲ್ಲ!”

ಅಷ್ಟೇ ಸಾಕಾಯಿತು. ಹೆಣ್ಣುಮಕ್ಕಳು ಆರತಿ ತರಲು ಒಳಗೆ ಓಡಿದರು. ಯಾರೋ ಹಿಂದಿನ ಗಾಲಿಗೆ ಮಾಲೆ ಹಾಕಿದರು. ಮುದುಕರಿಬ್ಬರು ರಸ್ತೆಯಲ್ಲೇ ಅಡ್ಡಬಿದ್ದರು. ಚಾಚಾ ಎದೆ ಉಬ್ಬಿಸಿ ಪಕ್ಕದವರಿಗೆ ಹೇಳುತ್ತಿದ್ದರು: “ಪ್ಯಾಡ್ ನಾ ಹಾಕಿದ್ವು. ಮೂವತ್ತು ಮಂದಿ ದೂಡಿದ್ರೂ ನೋಡ್ರಿ!” ನಾನು ಬ್ಯಾಟರಿ, ಬ್ಯಾಟರಿ ಎನ್ನುತ್ತ ಒಬ್ಬೊಬ್ಬರ ಭುಜ ಅಲುಗಾಡಿಸಿದೆ. ಎಲ್ಲರೂ ನನ್ನನ್ನು ನಂಬಿಕೆಯಿಲ್ಲದ ಪಾಪಿಯನ್ನು ನೋಡುವ ಹಾಗೆ ನೋಡಿದರು.

ಕಾರಿನ ಗಾಜು ಇಳಿಯುವಂತಿರಲಿಲ್ಲ. ಅಜ್ಜನವರು ಬಾಗಿಲನ್ನು ನಾಲ್ಕು ಬೆರಳು ತೆರೆದು, ಕಣ್ಣಿನಿಂದಲೇ ನನ್ನನ್ನು ಕರೆದರು. ಓಡಿಹೋಗಿ ಬಗ್ಗಿದೆ. ಅವರ ಹಣೆಯ ಮೇಲೆ ಬೆವರಿತ್ತು. ಸಣ್ಣ ದನಿಯಲ್ಲಿ ಹೇಳಿದರು:

“ತಮ್ಮಾ, ನನಗ ಹೋಗಾಕ ಮನಸ್ಸು ಭಾಳ ಐತಿ. ಆ ಮಿಸ್ತ್ರಿಗೆ ಹೇಳಿ ಬ್ಯಾರೆ ಗಾಡಿಯಿಂದ ಬ್ಯಾಟರಿಗೆ ಲಗೂನ ವಾಯರ್ ಹಚ್ಚಸು. ನಾ ಇಲ್ಲೇ ಉಳಿತೇನಿ ಅಂತ ನಿಮ್ಮ ಮನೆಯಾಕೀಗೆ ತಿಳಿದ್ರ ಆರನೇ ಹೋಳಿಗಿ ಬರತೈತಿ.”

ನಾನು ತಿರುಗಿ ನೋಡಿದೆ. ಆಕೆ ತುಪ್ಪದ ಗಿಂಡಿ ಹಿಡಿದು ಹೊಸ್ತಿಲು ದಾಟಿಯಾಗಿತ್ತು.